ಪರದೇಶದ ಸಣ್ಣ ವ್ಯಾಪಾರಿಗೆ ಆನ್‌ಲೈನ್ ಸಾಲ: ಕಾರವಾರ, ಶಿರಸಿಯವರು ಯಾವ ದಾರಿ ಹಿಡಿಯಬೇಕು?

ಕೆನ್ಯಾದಲ್ಲಿ ತರಕಾರಿ ಮಾರುವವಳಿಗೋ ಫಿಲಿಪ್ಪೀನ್ಸಿನಲ್ಲಿ ಮೀನು ಒಣಗಿಸುವವಳಿಗೋ ಕುಳಿತಲ್ಲಿಂದಲೇ ಒಂದೆರಡು ಸಾವಿರ ರೂಪಾಯಿಯಷ್ಟು ಸಾಲ ಕೊಡುವುದು, ಅವಳು ತೀರಿಸಿದ ಮೇಲೆ ಅದೇ ಹಣವನ್ನು ಇನ್ನೊಬ್ಬರಿಗೆ ತಿರುಗಿಸುವುದು. ಇಂಥ ವ್ಯವಸ್ಥೆ ಹುಟ್ಟಿ 20 ವರ್ಷ ದಾಟಿದೆ. ಈಗ ಇದಕ್ಕೆ ಹಲವು ದಾರಿಗಳಿವೆ. ಸ್ಥಳೀಯ ಸಂಸ್ಥೆಯ ಮೂಲಕ ಸಾಲ ಕೊಡಿಸುವ ಕಿವಾ, ಲೆಂಡ್‌ವಿತ್‌ಕೇರ್ ಥರದವು ಒಂದು ಬಗೆ. ನಡುವೆ ಯಾರೂ ಇಲ್ಲದೆ ನೇರ ಸಾಲ ಕೊಡಿಸುವ ಜಿಡಿಶಾ ಇನ್ನೊಂದು ಬಗೆ. ನಮ್ಮ ದೇಶದೊಳಗೇ ಕೆಲಸ ಮಾಡುವ ರಂಗ್ ದೇ ಮೂರನೆಯದು. ಸಾಲದ ಗೋಜೇ ಬೇಡವೆಂದು ದೇಣಿಗೆ ಕೊಟ್ಟುಬಿಡುವುದು ಕೊನೆಯದು.

ಈ ವೇದಿಕೆಗಳಿಗೆ ಹೋದವರು ಸಾಮಾನ್ಯವಾಗಿ ಫೋಟೋ ನೋಡಿ, ಕಥೆ ಓದಿ ಆಯ್ಕೆ ಮಾಡುತ್ತಾರೆ. ಅದು ತಪ್ಪು ಕಡೆಯಿಂದ ಓದಿದ ಹಾಗೆ. ಸಾಲ ಅವಳಿಗೆ ಒಳ್ಳೆಯದಾಗುತ್ತದೋ ಕೆಟ್ಟದ್ದಾಗುತ್ತದೋ ಎಂಬುದನ್ನು ನಿರ್ಧರಿಸುವುದು ನಿಮ್ಮ ಮತ್ತು ಅವಳ ನಡುವೆ ನಿಂತಿರುವ ಸಂಸ್ಥೆ. ಅದು ಎಷ್ಟು ಬಡ್ಡಿ ಹಾಕುತ್ತದೆ, ಕಂತನ್ನು ಯಾವಾಗ ಕೇಳುತ್ತದೆ, ಕಂತು ತಪ್ಪಿದರೆ ಅವಳ ಮನೆ ಬಾಗಿಲಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನೇ ಮೊದಲು ನೋಡಬೇಕು.

ಮೊದಲು ನೀವು ಎಲ್ಲಿದ್ದೀರಿ ಎಂಬುದು

ದುಬೈಯಲ್ಲಿರುವ ಭಟ್ಕಳದವರಿಗೂ ಶಿರಸಿಯಲ್ಲೇ ಇರುವ ನಿವೃತ್ತ ಮಾಸ್ತರಿಗೂ ಒಂದೇ ಉತ್ತರ ಹೊಂದುವುದಿಲ್ಲ. ಕಾರಣ, ವಿದೇಶಿ ವಿನಿಮಯದ ಕಾನೂನು.

ಭಾರತದ ನಿವಾಸಿಯೊಬ್ಬರು ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯಡಿ ಒಂದು ಹಣಕಾಸು ವರ್ಷಕ್ಕೆ 2,50,000 ಡಾಲರ್‌ವರೆಗೆ ಹೊರಗೆ ಕಳಿಸಬಹುದು. ಮಿತಿ ದೊಡ್ಡದೇ. ತೊಡಕಿರುವುದು ಮೊತ್ತದಲ್ಲಲ್ಲ, ಉದ್ದೇಶದಲ್ಲಿ. ಉಡುಗೊರೆ ಮತ್ತು ದೇಣಿಗೆಗೆ ಆ ಯೋಜನೆಯಲ್ಲಿ ಸ್ಪಷ್ಟ ಜಾಗವಿದೆ. ಸಾಲದ ವಿಚಾರಕ್ಕೆ ಬಂದರೆ ಅಲ್ಲಿ ಹೆಸರಿಸಿ ಹೇಳಿರುವುದು ಅನಿವಾಸಿಗಳಾದ ಸಂಬಂಧಿಕರಿಗೆ ಕೊಡುವ ಸಾಲವನ್ನು. ಗುರುತಿಲ್ಲದ ವಿದೇಶಿ ವ್ಯಾಪಾರಿಗೆ ವೆಬ್‌ಸೈಟಿನ ಮೂಲಕ ಕೊಡುವ ಕೈಗಡಕ್ಕೆ ಅಂಥ ನೇರ ಹೆಸರಿಲ್ಲ. ಆದ್ದರಿಂದ ಊರಲ್ಲಿರುವವರು ಕಾರ್ಡ್ ಒತ್ತುವ ಮುಂಚೆ ತಮ್ಮ ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗಕ್ಕೆ ಬರಹದಲ್ಲಿ ಕೇಳಿ, ಉತ್ತರವನ್ನು ಇಟ್ಟುಕೊಳ್ಳಬೇಕು. ಸಣ್ಣ ಮೊತ್ತ, ಯಾರು ಕೇಳುತ್ತಾರೆ ಎಂಬ ಮಾತು ಬೇಡ. ನಿಯಮಕ್ಕೆ ಮೊತ್ತದ ಸಣ್ಣ ದೊಡ್ಡ ಗೊತ್ತಿಲ್ಲ.

ಇನ್ನೊಂದು ತೊಡಕು ಹಣ ವಾಪಸು ಬರುವಾಗ. ಕಿವಾದಿಂದ ಹಣ ಹಿಂತೆಗೆಯುವ ರೂಢಿಯ ದಾರಿ ಪೇಪಾಲ್ ಎಂಬ ಆನ್‌ಲೈನ್ ಪಾವತಿ ಸೇವೆ. ಭಾರತದ ಪೇಪಾಲ್ ಖಾತೆಗೆ ಹೊರಗಿನಿಂದ ಹಣ ಬರುವುದು ಸರಕು ಅಥವಾ ಸೇವೆಯ ರಫ್ತಿನ ಲೆಕ್ಕದಲ್ಲಿ. ಬಂದ ಹಣ ಅಲ್ಲೇ ಉಳಿಯುವಂತಿಲ್ಲ, ಬ್ಯಾಂಕ್ ಖಾತೆಗೆ ಹೋಗಲೇಬೇಕು. ಸಾಲದ ವಾಪಸಾತಿ ರಫ್ತಿನ ಲೆಕ್ಕಕ್ಕೆ ಕೂರುವುದಿಲ್ಲ. ಅಂದರೆ ಹಾಕುವುದು ಸುಲಭ, ತೆಗೆಯುವುದು ಕಷ್ಟ. ಹಾಕುವುದರಲ್ಲೂ ಸಣ್ಣ ಖರ್ಚುಗಳಿವೆ. ಭಾರತದ ಕಾರ್ಡುಗಳಲ್ಲಿ ವಿದೇಶಿ ಆನ್‌ಲೈನ್ ಪಾವತಿ ತಾನಾಗಿ ತೆರೆದಿರುವುದಿಲ್ಲ, ಬ್ಯಾಂಕಿನ ಆ್ಯಪಿನಲ್ಲಿ ತೆರೆದು ಮಿತಿ ಹಾಕಬೇಕು, ಕೆಲಸ ಮುಗಿದ ಮೇಲೆ ಮುಚ್ಚಬೇಕು. ಹೆಚ್ಚಿನ ಕಾರ್ಡುಗಳು ವಿದೇಶಿ ಕರೆನ್ಸಿಗೆ ಶೇಕಡಾ 2ರಿಂದ 3.5ರಷ್ಟು ಹೆಚ್ಚುವರಿ ಹಾಕಿ, ಅದರ ಮೇಲೆ ಶೇಕಡಾ 18 ಜಿಎಸ್‌ಟಿ ಸೇರಿಸುತ್ತವೆ. ಬಡ್ಡಿಯೇ ಇಲ್ಲದ ಸಾಲಕ್ಕೆ ಇದೇ ನಿಮ್ಮ ಖಚಿತ ನಷ್ಟ.

ವಿದೇಶದಲ್ಲಿ ಕೆಲಸಕ್ಕಿದ್ದು ಅಲ್ಲಿನ ಖಾತೆ, ಅಲ್ಲಿನ ಕಾರ್ಡ್ ಇರುವವರಿಗೆ ಈ ಎರಡೂ ತೊಡಕುಗಳಿಲ್ಲ. ಅವರು ಆ ದೇಶದ ನಿಯಮ ನೋಡಿಕೊಂಡರೆ ಆಯಿತು. ಹಡಗಿನಲ್ಲಿ ಕೆಲಸ ಮಾಡುವ ಕಾರವಾರದ ಕಡೆಯವರು ಮಾತ್ರ ಒಂದು ಸಂಗತಿ ಗಮನಿಸಬೇಕು: ಆದಾಯ ತೆರಿಗೆಗೆ ಅನಿವಾಸಿ ಆಗುವ ಲೆಕ್ಕ ಬೇರೆ, ವಿದೇಶಿ ವಿನಿಮಯ ಕಾನೂನಿಗೆ ಅನಿವಾಸಿ ಆಗುವ ಲೆಕ್ಕ ಬೇರೆ. ಎರಡನ್ನೂ ಪ್ರತಿ ವರ್ಷ ನೋಡಿಕೊಳ್ಳಬೇಕು.

ಕಿವಾ ಬಗೆಯ ವೇದಿಕೆ ಕೆಲಸ ಮಾಡುವ ರೀತಿ

ಕಿವಾ 2005ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಶುರುವಾದ ಲಾಭರಹಿತ ಸಂಸ್ಥೆ. ಒಂದು ಸಾಲಕ್ಕೆ ಸಾಮಾನ್ಯವಾಗಿ ಕನಿಷ್ಠ 25 ಡಾಲರ್ ಹಾಕಬೇಕು, ಅಂದರೆ 2,000 ರೂಪಾಯಿಗಿಂತ ತುಸು ಹೆಚ್ಚು. ಬ್ರಿಟನ್ನಿನ ಕೇರ್ ಇಂಟರ್‌ನ್ಯಾಷನಲ್ 2010ರಲ್ಲಿ ಆರಂಭಿಸಿದ ಲೆಂಡ್‌ವಿತ್‌ಕೇರ್‌ನಲ್ಲಿ 15 ಪೌಂಡಿನಿಂದ ಶುರು ಮಾಡಬಹುದು. ಎರಡರಲ್ಲೂ ನಿಮಗೆ ಬಡ್ಡಿ ಬರುವುದಿಲ್ಲ, ಸಾಲ ಮುಳುಗಿದರೆ ನಷ್ಟ ನಿಮ್ಮದೇ.

ಹಣದ ದಾರಿ ಹೀಗೆ. ಆಯಾ ದೇಶದ ಕಿರುಸಾಲ ಸಂಸ್ಥೆಯೊಂದು ಕಿವಾದ ಪಾಲುದಾರನಾಗಿರುತ್ತದೆ. ಸಾಲ ಕೇಳಿದವರ ಮನೆಗೆ ಹೋಗುವುದು, ವಿಚಾರಿಸುವುದು, ಫೋಟೋ ತೆಗೆಯುವುದು, ಹಣ ಕೊಡುವುದು, ಕಂತು ಎತ್ತುವುದು ಎಲ್ಲ ಅದರದೇ ಕೆಲಸ. ನಮ್ಮೂರಲ್ಲಿ ಪಿಗ್ಮಿ ಎತ್ತುವವರು ಅಂಗಡಿ ಅಂಗಡಿಗೆ ತಿರುಗುವಂತೆ ಅದರ ಸಿಬ್ಬಂದಿ ಹಳ್ಳಿ ಹಳ್ಳಿ ತಿರುಗುತ್ತಾರೆ. ನಿಮ್ಮ 25 ಡಾಲರ್ ಕಿವಾದ ಮೂಲಕ ಆ ಸಂಸ್ಥೆಗೆ ಸೇರುತ್ತದೆ, ವಾಪಸು ಬರುವುದೂ ಅದೇ ದಾರಿಯಲ್ಲಿ.

ಹೆಚ್ಚಿನ ಸಾಲಗಳಲ್ಲಿ ಹಣ ಅವಳ ಕೈಗೆ ಮೊದಲೇ ಸೇರಿರುತ್ತದೆ. ಸಾಲದ ಪುಟದಲ್ಲಿ ಹಣ ಕೊಟ್ಟ ದಿನಾಂಕ ಇರುತ್ತದೆ, ಅದು ನೀವು ನೋಡುತ್ತಿರುವ ದಿನಕ್ಕಿಂತ ಹಿಂದಿನದಾಗಿದ್ದರೆ ನಿಮ್ಮ ಹಣ ಸಂಸ್ಥೆಯ ಗಲ್ಲೆಯನ್ನು ಮತ್ತೆ ತುಂಬುತ್ತಿದೆ ಎಂದರ್ಥ. 2009ರಲ್ಲಿ ಈ ವಿಷಯ ದೊಡ್ಡ ಚರ್ಚೆಯಾಗಿ, ಕಿವಾ ತನ್ನ ವಿವರಣೆಯನ್ನೇ ತಿದ್ದಿತು. ಇದರಲ್ಲಿ ಮೋಸವೇನಿಲ್ಲ. ಮೀನು ಹರಾಜಿಗೆ ನಾಳೆ ಬೆಳಿಗ್ಗೆ ದುಡ್ಡು ಬೇಕಾದವಳು 30 ದಿನ ಕಾಯಲಾರಳು. ಆದರೆ ನೀವು ಸಾಲ ಕೊಡುತ್ತಿರುವುದು ಮೂಲತಃ ಆ ಸಂಸ್ಥೆಗೆ ಎಂಬುದು ತಿಳಿದಿರಲಿ. ಆಗ ಏನನ್ನು ಪರೀಕ್ಷಿಸಬೇಕು ಎಂಬುದೂ ತಾನಾಗಿ ಹೊಳೆಯುತ್ತದೆ.

ಪ್ರತಿ ಪಾಲುದಾರ ಸಂಸ್ಥೆಗೂ ಒಂದು ಪುಟವಿದೆ. ಅದರಲ್ಲಿ ನಕ್ಷತ್ರಗಳಲ್ಲಿ ಕೊಟ್ಟ ಅಪಾಯದ ಅಂದಾಜು, ಕಿವಾ ಜೊತೆ ಎಷ್ಟು ಕಾಲದಿಂದ ಇದೆ ಎಂಬುದು, ಕಂತು ತಡವಾದ ಪ್ರಮಾಣ, ಮುಳುಗಿದ ಪ್ರಮಾಣ, ಕರೆನ್ಸಿ ನಷ್ಟದ ಪ್ರಮಾಣ, ಸಾಲಗಾರರಿಗೆ ಬೀಳುವ ಸರಾಸರಿ ವೆಚ್ಚ ಇಷ್ಟು ಸಿಗುತ್ತವೆ. ಇವನ್ನು ಒಟ್ಟಿಗೆ ಓದಬೇಕು. ಮುಳುಗಿದ ಪ್ರಮಾಣ ಸೊನ್ನೆ, ಆದರೆ ಸಾಲಗಾರರ ವೆಚ್ಚ ಶೇಕಡಾ 50 ಎಂದಿದ್ದರೆ ಸಂತೋಷ ಪಡಬೇಡಿ. ಸಂಸ್ಥೆ ಬಿಗಿಯಾಗಿ ವಸೂಲಿ ಮಾಡುತ್ತದೆ, ಅಥವಾ ಕಟ್ಟಲಾಗದವರ ಕಂತನ್ನು ತಾನೇ ತುಂಬಿ ಆ ಖರ್ಚನ್ನು ಉಳಿದವರ ಬಡ್ಡಿಯಲ್ಲಿ ಸೇರಿಸುತ್ತದೆ. ತಡವಾದ ಪ್ರಮಾಣ ಸ್ವಲ್ಪ ಇದ್ದು, ಮುಳುಗಿದ್ದು ಕಡಿಮೆ ಇದ್ದರೆ ಅದು ಎಷ್ಟೋ ಸಲ ಒಳ್ಳೆಯ ಲಕ್ಷಣ. ಕಷ್ಟದಲ್ಲಿದ್ದವರಿಗೆ ಸಮಯ ಕೊಡುವ ಸಂಸ್ಥೆ ಅದು.

ಕಿವಾ ತನ್ನ ಖರ್ಚಿಗೆ ನಿಮ್ಮಿಂದ ಸ್ವಯಂಪ್ರೇರಿತ ದೇಣಿಗೆ ಕೇಳುತ್ತದೆ. ಪಾವತಿಯ ಪುಟದಲ್ಲಿ ಒಂದು ಮೊತ್ತ ಮೊದಲೇ ತುಂಬಿರುತ್ತದೆ. ಬೇಡವಾದರೆ ಸೊನ್ನೆ ಮಾಡಬಹುದು, ಕೊಟ್ಟರೆ ಅದು ಸಾಲವಲ್ಲ, ವಾಪಸು ಬರುವುದಿಲ್ಲ. ಇತ್ತೀಚಿನ ವರ್ಷಗಳಲ್ಲಿ ಕಿವಾ ಪಾಲುದಾರ ಸಂಸ್ಥೆಗಳಿಂದಲೂ ಶುಲ್ಕ ಪಡೆಯತೊಡಗಿತು. ಆ ಭಾರ ಕೊನೆಗೆ ಸಾಲಗಾರರ ಮೇಲೆ ಬೀಳುತ್ತದೆ ಎಂದು ಸಾಲ ಕೊಡುವವರಲ್ಲೇ ಒಂದು ಗುಂಪು ಹಣ ಹಾಕುವುದನ್ನು ನಿಲ್ಲಿಸಿ ಪ್ರತಿಭಟಿಸಿತು. ಅವರ ಆಕ್ಷೇಪದಲ್ಲಿ ಹುರುಳಿದೆ. ಬಂಡವಾಳ ಬಡ್ಡಿಯಿಲ್ಲದೆ ಬರುವುದರಿಂದಲೇ ಅವಳ ಬಡ್ಡಿ ಕಡಿಮೆಯಾಗುತ್ತದೆ ಎಂಬುದು ಈ ಇಡೀ ವ್ಯವಸ್ಥೆಯ ವಾದ. ನಡುವಿನ ಶುಲ್ಕ ಹೆಚ್ಚಿದಷ್ಟೂ ಆ ವಾದ ಸಡಿಲವಾಗುತ್ತದೆ.

ನಿಮಗೆ ಸೊನ್ನೆ, ಅವಳಿಗೆ ಎಷ್ಟು?

ಬಡ್ಡಿ ಸೊನ್ನೆ ಇರುವುದು ನಿಮಗೆ ಮಾತ್ರ. ಅವಳು ಸ್ಥಳೀಯ ಸಂಸ್ಥೆಗೆ ಬಡ್ಡಿ ಕಟ್ಟುತ್ತಾಳೆ. ಅಮೆರಿಕದೊಳಗೆ ಕಿವಾ ನೇರವಾಗಿ ಕೊಡುವ ಸಾಲಗಳಲ್ಲಿ ಮಾತ್ರ ಪಡೆದವರಿಗೂ ಬಡ್ಡಿ ಇಲ್ಲ. ಹಳ್ಳಿ ತಿರುಗಿ ಹತ್ತಿಪ್ಪತ್ತು ಸಾವಿರದ ಸಾಲ ಕೊಟ್ಟು ವಾರ ವಾರ ಎತ್ತುವ ಖರ್ಚು ದೊಡ್ಡದು. ಐದು ಲಕ್ಷದ ಒಂದು ಸಾಲಕ್ಕೂ ಐದು ಸಾವಿರದ ಒಂದು ಸಾಲಕ್ಕೂ ಸಿಬ್ಬಂದಿ ಓಡಾಟ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಸ್ವಲ್ಪ ಬಡ್ಡಿ ನ್ಯಾಯವೇ. ಆ ಸ್ವಲ್ಪ ಎಷ್ಟು ಎಂಬುದನ್ನು ಅಳೆಯಲು ಬರಬೇಕು.

ಒಂದು ಲೆಕ್ಕ ನೋಡಿ. 20,000 ರೂಪಾಯಿ ಸಾಲ, 12 ತಿಂಗಳು, ‘ಶೇಕಡಾ 12 ಫ್ಲಾಟ್’ ಬಡ್ಡಿ. ಫ್ಲಾಟ್ ಅಂದರೆ ಅಸಲು ಕರಗುತ್ತಿದ್ದರೂ ಬಡ್ಡಿಯನ್ನು ಪೂರ್ತಿ 20,000ದ ಮೇಲೆಯೇ ಹಾಕುವುದು. ಒಟ್ಟು ಬಡ್ಡಿ 2,400, ತಿಂಗಳ ಕಂತು ಸುಮಾರು 1,867 ರೂಪಾಯಿ. ಆದರೆ ಆರನೆಯ ತಿಂಗಳಿಗೆ ಅರ್ಧದಷ್ಟು ಅಸಲು ಅವಳು ಕಟ್ಟಿಯಾಗಿರುತ್ತದೆ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ನಿಜವಾದ ವಾರ್ಷಿಕ ದರ ಶೇಕಡಾ 21ರಿಂದ 22ರ ನಡುವೆ. ಇನ್ನು ಸಾಲ ಕೊಡುವಾಗಲೇ ಶೇಕಡಾ 10ರಷ್ಟನ್ನು ‘ಉಳಿತಾಯ’ ಎಂದು ಹಿಡಿದಿಟ್ಟು ಕೊನೆಗೆ ಬಡ್ಡಿಯಿಲ್ಲದೆ ಹಿಂತಿರುಗಿಸುವ ಪದ್ಧತಿ ಇದ್ದರೆ, ಅವಳ ಕೈಗೆ ಬಂದದ್ದು 18,000 ಮಾತ್ರ, ಕಂತು ಅಷ್ಟೇ. ಆಗ ನಿಜವಾದ ದರ ಶೇಕಡಾ 26ರ ಹತ್ತಿರ ಹೋಗುತ್ತದೆ. ಅರ್ಜಿ ಶುಲ್ಕ, ವಿಮೆ ಸೇರಿದರೆ ಇನ್ನೂ ಮೇಲೆ. ಆದ್ದರಿಂದ ಸಂಸ್ಥೆಯ ಪುಟದಲ್ಲಿ ವೆಚ್ಚದ ಅಂಕಿ ಯಾವ ರೀತಿಯದು ಎಂದು ನೋಡಿ. ಶುಲ್ಕಗಳನ್ನೂ ಸೇರಿಸಿ, ಕರಗುವ ಅಸಲಿನ ಮೇಲೆ ಹಾಕಿದ ವಾರ್ಷಿಕ ದರವಾದರೆ ಬೇರೆ ಸಂಸ್ಥೆಯೊಂದಿಗೆ ಹೋಲಿಸಬಹುದು. ಸಂಸ್ಥೆಯ ಒಟ್ಟು ಬಡ್ಡಿ ಆದಾಯವನ್ನು ಒಟ್ಟು ಸಾಲದಿಂದ ಭಾಗಿಸಿದ ಅಂಕಿಯಾದರೆ ಅದು ಸರಾಸರಿ ಮಾತ್ರ, ಹಿಡಿದಿಟ್ಟ ಉಳಿತಾಯದ ಭಾರ ಅದರಲ್ಲಿ ಕಾಣುವುದಿಲ್ಲ.

ಬೇರೆ ದೇಶದ ದರವನ್ನು ನಮ್ಮ ದರದ ಜೊತೆ ನೇರವಾಗಿ ತೂಗಲೂ ಬಾರದು. ಹಣದುಬ್ಬರ ಶೇಕಡಾ 20 ಇರುವ ದೇಶದಲ್ಲಿ ಶೇಕಡಾ 30ರ ಬಡ್ಡಿ, ಶೇಕಡಾ 4 ಹಣದುಬ್ಬರದ ದೇಶದ ಶೇಕಡಾ 24ಕ್ಕಿಂತ ಹಗುರ. ಒಂದೇ ದೇಶದ ನಾಲ್ಕಾರು ಪಾಲುದಾರರನ್ನು ಪಕ್ಕಪಕ್ಕ ಇಟ್ಟು, ಅತಿ ಹೆಚ್ಚು ಹಾಕುವವರನ್ನು ಬಿಡುವುದು ಸರಿಯಾದ ಕ್ರಮ.

ಬಡ್ಡಿಯ ವ್ಯವಹಾರವೇ ಬೇಡ ಎನ್ನುವವರು ನಮ್ಮ ಕರಾವಳಿಯಲ್ಲಿ ಬಹಳ ಮಂದಿ ಇದ್ದಾರೆ. ನಿಮಗೆ ಬಡ್ಡಿ ಬರುವುದಿಲ್ಲ ಎಂಬಷ್ಟಕ್ಕೇ ಅವರಿಗೆ ಸಮಾಧಾನ ಆಗಬೇಕಿಲ್ಲ. ಸಂಸ್ಥೆ ತಾನೇ ಸರಕು ಕೊಂಡು, ಲಾಭವನ್ನು ಮೊದಲೇ ತಿಳಿಸಿ, ಕಂತಿನಲ್ಲಿ ಮಾರುವ ಮುರಾಬಹಾ ಪದ್ಧತಿಯನ್ನು ಅನುಸರಿಸುವ ಪಾಲುದಾರರೂ ಇದ್ದಾರೆ. ಆ ವಿವರ ಸಂಸ್ಥೆಯ ಪುಟದಲ್ಲಿ ಸಿಗುತ್ತದೆ.

ಕಂತು ಯಾವಾಗ ಬೀಳುತ್ತದೆ

ಇಲ್ಲಿ ಉತ್ತರ ಕನ್ನಡದವರಿಗೆ ಒಂದು ಅನುಕೂಲವಿದೆ. ಅಮೆರಿಕದ ನಗರದಲ್ಲಿ ಕುಳಿತವರಿಗೆ ಕಾಣದ್ದು ನಮಗೆ ಕಾಣುತ್ತದೆ: ದುಡಿಮೆಗೆ ಋತುವಿದೆ.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಆ ಎರಡು ತಿಂಗಳು ಮೀನು ಮಾರುವ ಹೆಂಗಸಿನ ಬುಟ್ಟಿಯಲ್ಲಿ ಒಣ ಮೀನು, ಹೊಳೆ ಮೀನು ಬಿಟ್ಟರೆ ಹೆಚ್ಚೇನಿರುವುದಿಲ್ಲ. ವಾರದ ಕಂತಿನ ಸಾಲ ತೆಗೆದವಳು ಆಗ ಇನ್ನೊಂದು ಕಡೆ ಸಾಲ ತೆಗೆದು ಮೊದಲನೆಯ ಕಂತು ಕಟ್ಟುತ್ತಾಳೆ. ಘಟ್ಟದ ಮೇಲೆ ಅಡಿಕೆ ಬೆಳೆಗಾರನಿಗೆ ಕೊಯ್ಲು ಆಗಿ, ಸುಲಿದು, ಬೇಯಿಸಿಯೋ ಒಣಗಿಸಿಯೋ ಮಾರಿದ ಮೇಲೆಯೇ ದುಡ್ಡು. ಚಾಲಿ ಮಾಡುವವನಾದರೆ ಇನ್ನೂ ತಡ. ಅದಕ್ಕೇ ಇಲ್ಲಿಯ ಸೊಸೈಟಿಗಳು ಬೆಳೆಸಾಲವನ್ನು ಮಾರಾಟದ ಕಾಲಕ್ಕೆ ಹೊಂದಿಸಿವೆ.

ಇದೇ ಕಣ್ಣಿನಿಂದ ಉಗಾಂಡಾದ ಕಾಫಿ ಬೆಳೆಗಾರನ, ಫಿಲಿಪ್ಪೀನ್ಸಿನ ಮೀನು ವ್ಯಾಪಾರಿಯ ಸಾಲದ ಪುಟ ಓದಿ. ಕಿವಾದಲ್ಲಿ ಮರುಪಾವತಿಯ ಬಗೆ ಮೂರು: ತಿಂಗಳ ಕಂತು, ಅವಧಿ ಮುಗಿದ ಮೇಲೆ ಒಂದೇ ಸಲ, ಮತ್ತು ಅನಿಯಮಿತ. ಕೃಷಿ ಸಾಲಕ್ಕೆ ಮೊದಲ ತಿಂಗಳಿನಿಂದಲೇ ಸಮನಾದ ಕಂತು ಇಟ್ಟಿದ್ದರೆ, ಕಂತನ್ನು ಬೆಳೆ ಕಟ್ಟುವುದಿಲ್ಲ, ಗಂಡನ ಕೂಲಿಯೋ ಮಾರಿದ ಆಡೋ ಕಟ್ಟುತ್ತದೆ. ಕಿರಾಣಿ ಅಂಗಡಿಗೆ, ಹೊಲಿಗೆಗೆ, ತಿಂಡಿ ಗಾಡಿಗೆ ತಿಂಗಳ ಕಂತು ಸರಿ, ಅಲ್ಲಿ ದಿನವೂ ಗಲ್ಲೆಗೆ ದುಡ್ಡು ಬೀಳುತ್ತದೆ. ಹಸು, ಹಂದಿ, ಕೋಳಿ ಸಾಕಣೆಗೆ ಅವಧಿ ಮುಗಿದ ಮೇಲಿನ ಪಾವತಿ ಒಪ್ಪುತ್ತದೆ, ಹಾಲು ಮಾರುವವಳಾದರೆ ಮಾತ್ರ ತಿಂಗಳ ಕಂತು ನಡೆಯುತ್ತದೆ. ನಿಮಗೆ ಗೊತ್ತಿರುವ ಕಸುಬಿನ ಸಾಲವನ್ನೇ ಆರಿಸಿ. ಮೀನು, ತೆಂಗು, ಮಸಾಲೆ, ಜೇನು, ಹೈನು ಇವುಗಳ ಲೆಕ್ಕ ನಿಮಗೆ ಬಾಯಿಪಾಠ. ಸಾಲದ ಮೊತ್ತ ಕಸುಬಿಗೆ ಹೊಂದುತ್ತದೆಯೇ, ಕೊಳ್ಳುವೆನೆಂದ ಸರಕು ಆ ತಿಂಗಳಲ್ಲಿ ಸಿಗುತ್ತದೆಯೇ ಎಂಬುದನ್ನು ನೀವು ಫೋಟೋ ಇಲ್ಲದೆಯೇ ಹೇಳಬಲ್ಲಿರಿ.

ಗುಂಪು ಸಾಲದ ಬಗ್ಗೆಯೂ ಒಂದು ಮಾತು. ಕೆಲವು ಹೆಂಗಸರು ಸೇರಿ ಒಬ್ಬರಿಗೊಬ್ಬರು ಹೊಣೆ ನಿಲ್ಲುವ ಈ ಪದ್ಧತಿಯನ್ನು ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕ್ ಹೆಸರುವಾಸಿ ಮಾಡಿತು, 2006ರಲ್ಲಿ ಮುಹಮ್ಮದ್ ಯೂನಸ್ ಅವರಿಗೂ ಬ್ಯಾಂಕಿಗೂ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಅಡಮಾನವಿಲ್ಲದವರಿಗೆ ಸಾಲ ಸಿಗಲು ಇದು ದಾರಿ ಮಾಡಿದ್ದು ನಿಜ. ವಸೂಲಿಯ ಒತ್ತಡವನ್ನು ನೆರೆಯವರ ಮೇಲೆ ಹೊರಿಸುವುದೂ ಅಷ್ಟೇ ನಿಜ. 2010ರಲ್ಲಿ ಆಂಧ್ರದಲ್ಲಿ ಇದು ಸ್ಫೋಟಿಸಿತು. ಕರ್ನಾಟಕದಲ್ಲಿ ಕಿರುಕುಳ ತಾಳಲಾರದೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟ ಮೇಲೆ, 2025ರ ಫೆಬ್ರವರಿಯಲ್ಲಿ ಬಲವಂತದ ವಸೂಲಿ ತಡೆಯುವ ಸುಗ್ರೀವಾಜ್ಞೆಯೇ ಬಂತು. 10 ವರ್ಷದವರೆಗೆ ಸೆರೆ, 5 ಲಕ್ಷದವರೆಗೆ ದಂಡ ಅದರಲ್ಲಿತ್ತು. ಪರದೇಶದ ಸಂಸ್ಥೆಯೊಂದು ಗುಂಪು ಸಾಲ ಕೊಡುತ್ತಿದ್ದರೆ, ಸದಸ್ಯೆಯೊಬ್ಬಳು ಕಟ್ಟಲಾಗದಾಗ ಏನಾಗುತ್ತದೆ ಎಂದು ಅದರ ಪುಟದಲ್ಲಿ ಹುಡುಕಿ. ಗುಂಪಿನ ಉಳಿತಾಯದಿಂದ ತುಂಬುತ್ತಾರೋ, ಅವಧಿ ಮುಂದೆ ಹಾಕುತ್ತಾರೋ ಎಂಬ ಸ್ಪಷ್ಟ ಉತ್ತರ ಇಲ್ಲದ ಕಡೆ ಹಣ ಹಾಕಬೇಡಿ.

ಹಣ ಮುಳುಗುವುದು ಹೇಗೆ

ಕಿವಾದ ಒಟ್ಟಾರೆ ಮರುಪಾವತಿ ಶೇಕಡಾ 96ರ ಆಸುಪಾಸಿನಲ್ಲಿದೆ. ಆದರೆ ಉಳಿದ ನಾಲ್ಕು ಎಲ್ಲರಿಗೂ ಸಮನಾಗಿ ಹಂಚಿಹೋಗುವುದಿಲ್ಲ. ಒಬ್ಬಳು ಸಾಲಗಾರಳು ಕೈ ಎತ್ತುವುದು ಸಣ್ಣ ಕಾರಣ. ದೊಡ್ಡ ಕಾರಣ, ಪಾಲುದಾರ ಸಂಸ್ಥೆಯೇ ಬಾಗಿಲು ಹಾಕುವುದು. ಆಗ ಆ ಸಂಸ್ಥೆಯ ಮೂಲಕ ಕೊಟ್ಟ ಸಾಲಗಳೆಲ್ಲ ಒಟ್ಟಿಗೆ ನಿಲ್ಲುತ್ತವೆ, ಅವಳು ತನ್ನ ಕಂತು ನಿಯತ್ತಾಗಿ ಕಟ್ಟಿದ್ದರೂ ಕೂಡ. ಹಾಗಾಗಿ 100 ಡಾಲರನ್ನು ಒಂದೇ ಸಂಸ್ಥೆಯ ನಾಲ್ಕು ಹೆಂಗಸರಿಗೆ ಹಂಚಿದರೆ ಅಪಾಯ ಹಂಚಿದಂತಾಗಲಿಲ್ಲ. ನಾಲ್ಕು ಸಂಸ್ಥೆ, ಸಾಧ್ಯವಾದರೆ ನಾಲ್ಕು ದೇಶ ಆಗಬೇಕು.

ಎರಡನೆಯ ಕಾರಣ ಕರೆನ್ಸಿ. 2022ರಲ್ಲಿ ಶ್ರೀಲಂಕಾದ ರೂಪಾಯಿ ಕೆಲವೇ ತಿಂಗಳಲ್ಲಿ ಡಾಲರಿಗೆ ಸುಮಾರು 200ರಿಂದ 360ರ ಸುತ್ತಮುತ್ತಲಿಗೆ ಕುಸಿಯಿತು. ಅಂಥ ಕಡೆ ಅವಳು ರೂಪಾಯಿಯಲ್ಲಿ ಪೂರ್ತಿ ಕಟ್ಟಿದರೂ ಅದರಿಂದ ಅಷ್ಟೇ ಡಾಲರ್ ಹುಟ್ಟುವುದಿಲ್ಲ. ಕಿವಾದ ಹಲವು ಸಾಲಗಳಲ್ಲಿ ಕುಸಿತ ಶೇಕಡಾ 10 ಮೀರಿದರೆ ಮೇಲಿನ ನಷ್ಟ ನಿಮ್ಮ ಪಾಲಿಗೆ ಎಂಬ ಒಪ್ಪಂದ ಇರುತ್ತದೆ, ಸಾಲದ ಪುಟದ ಕೆಳಗೆ ಅದನ್ನು ನಮೂದಿಸಿರುತ್ತಾರೆ. ಆ ಸಾಲು ಓದದೆ ಮುಂದೆ ಹೋಗಬಾರದು. ದೀರ್ಘ ಅವಧಿಯ ಸಾಲ, ದುರ್ಬಲ ಕರೆನ್ಸಿ ಎರಡೂ ಸೇರಿದರೆ ನಷ್ಟ ಬಹುತೇಕ ಖಚಿತ. 8ರಿಂದ 14 ತಿಂಗಳ ಸಾಲಗಳು ಹೊಸಬರಿಗೆ ವಾಸಿ, ಹಣವೂ ಬೇಗ ತಿರುಗುತ್ತದೆ.

ಕಾಲಾವಧಿಯೊಳಗೆ ಪೂರ್ತಿ ಮೊತ್ತ ಕೂಡದಿದ್ದರೆ ಸಾಲ ರದ್ದಾಗಿ ಹಣ ನಿಮ್ಮ ಕಿವಾ ಖಾತೆಗೆ ಮರಳುತ್ತದೆ. ಅದು ನಷ್ಟವಲ್ಲ. ತಾನಾಗಿ ಮರುಸಾಲ ಕೊಡುವ ಆಯ್ಕೆ ತೆರೆದಿದ್ದರೆ ಮಾತ್ರ ನಿಮಗೆ ತಿಳಿಯುವ ಮೊದಲೇ ಹಣ ಇನ್ನೆಲ್ಲಿಗೋ ಹೋಗಿರುತ್ತದೆ, ಆದ್ದರಿಂದ ಮೊದಲ ವರ್ಷ ಅದನ್ನು ಮುಚ್ಚಿಡಿ.

ನಡುವೆ ಯಾರೂ ಇಲ್ಲದ ಸಾಲ

2009ರಲ್ಲಿ ಶುರುವಾದ ಜಿಡಿಶಾ ಸ್ಥಳೀಯ ಸಂಸ್ಥೆಯನ್ನೇ ತೆಗೆದುಹಾಕಿತು. ಸಾಲ ಪಡೆಯುವವರು ತಾವೇ ಇಂಟರ್ನೆಟ್ಟಿನಲ್ಲಿ ಅರ್ಜಿ ಬರೆಯುತ್ತಾರೆ, ಹಣ ಮೊಬೈಲ್ ಹಣದ ಮೂಲಕ ಹೋಗುತ್ತದೆ, ಕಂತೂ ಹಾಗೇ ಬರುತ್ತದೆ. ಸಿಬ್ಬಂದಿ ಖರ್ಚಿಲ್ಲ, ಆದ್ದರಿಂದ ಅವಳಿಗೆ ವೆಚ್ಚ ಕಡಿಮೆ. ಆದರೆ ಕಂತು ನಿಂತಾಗ ಮನೆಗೆ ಹೋಗಿ ಮಾತಾಡಿಸುವವರೂ ಇಲ್ಲ, ಗುರುತು ಖಚಿತಪಡಿಸುವುದೂ ಕಷ್ಟ. ಇಂಟರ್ನೆಟ್ ಬಳಸಲು ಬರುವವರಿಗೆ ಮಾತ್ರ ಇದು ತಲುಪುತ್ತದೆ, ತೀರಾ ಬಡವರಿಗೆ ಅಲ್ಲ. ಹಾಕಿದ ಹಣ ಬರದಿದ್ದರೂ ಬೇಸರವಿಲ್ಲ ಎನ್ನುವಷ್ಟು ಮೊತ್ತ ಮಾತ್ರ ಇಲ್ಲಿಗೆ.

ದೇಶದೊಳಗಿನ ವೇದಿಕೆ

ಪರದೇಶವೇ ಆಗಬೇಕೆಂಬ ಹಟವಿಲ್ಲದವರಿಗೆ ಕಾನೂನಿನ ದೃಷ್ಟಿಯಿಂದ ಅತಿ ಸ್ವಚ್ಛ ದಾರಿ ಇದು. 2008ರಲ್ಲಿ ರಾಮಕೃಷ್ಣ ಮತ್ತು ಸ್ಮಿತಾ ರಾಮ್ ಶುರು ಮಾಡಿದ ರಂಗ್ ದೇ ಬೆಂಗಳೂರಿನಿಂದ ನಡೆಯುತ್ತದೆ. ಈಗ ರಿಸರ್ವ್ ಬ್ಯಾಂಕಿನ ಪಿ2ಪಿ (ಒಬ್ಬ ವ್ಯಕ್ತಿಯಿಂದ ಇನ್ನೊಬ್ಬರಿಗೆ ಸಾಲ ಕೊಡಿಸುವ ವೇದಿಕೆ) ಪರವಾನಗಿಯಡಿ ರೈತರಿಗೆ, ಕುಶಲಕರ್ಮಿಗಳಿಗೆ ಕಡಿಮೆ ಬಡ್ಡಿಯಲ್ಲಿ ಸಾಲ ಕೊಡಿಸುತ್ತದೆ. 2010ರಲ್ಲಿ ಇದೇ ಉದ್ದೇಶದಿಂದ ಹುಟ್ಟಿದ ಮಿಲಾಪ್ ಈಗ ಮುಖ್ಯವಾಗಿ ಚಿಕಿತ್ಸೆಯ ದೇಣಿಗೆಗೆ ಹೆಸರಾಗಿದೆ, ಎರಡನ್ನೂ ಒಂದೇ ಎಂದು ತಿಳಿಯಬಾರದು.

ಪಿ2ಪಿ ನಿಯಮಗಳು 2017ರಲ್ಲಿ ಬಂದವು, 2024ರ ಆಗಸ್ಟ್‌ನಲ್ಲಿ ಬಿಗಿಯಾದವು. ಎಲ್ಲ ವೇದಿಕೆಗಳಲ್ಲೂ ಸೇರಿ ಒಬ್ಬರು 50 ಲಕ್ಷದವರೆಗೆ ಹಾಕಬಹುದು, 10 ಲಕ್ಷ ದಾಟಿದರೆ 50 ಲಕ್ಷದ ನಿವ್ವಳ ಆಸ್ತಿ ಇದೆಯೆಂದು ಲೆಕ್ಕಪರಿಶೋಧಕರ ಪ್ರಮಾಣಪತ್ರ ಬೇಕು. ಒಬ್ಬ ಸಾಲಗಾರನಿಗೆ ಒಬ್ಬರಿಂದ 50,000 ಮೀರುವಂತಿಲ್ಲ, ಅವಧಿ 36 ತಿಂಗಳು ಮೀರುವಂತಿಲ್ಲ. ಹಣ ವೇದಿಕೆಯ ಸ್ವಂತ ಖಾತೆಗೆ ಹೋಗದೆ ಮೂರನೆಯವರ ಉಸ್ತುವಾರಿಯಲ್ಲಿರುವ ಎಸ್ಕ್ರೊ ಖಾತೆಯ ಮೂಲಕವೇ ಸಾಗಬೇಕು. ಖಚಿತ ಲಾಭದ ಭರವಸೆ, ಬೇಕೆಂದಾಗ ಹಣ ವಾಪಸು ಎಂಬ ಆಮಿಷ ಎರಡಕ್ಕೂ ನಿಷೇಧವಿದೆ. ಯಾವುದೇ ಆ್ಯಪ್ ‘ಶೇಕಡಾ 12 ಗ್ಯಾರಂಟಿ’ ಎಂದರೆ ಅಲ್ಲೇ ನಿಲ್ಲಿ. ರಿಸರ್ವ್ ಬ್ಯಾಂಕಿನ ತಾಣದಲ್ಲಿ ಪಿ2ಪಿ ಸಂಸ್ಥೆಗಳ ಪಟ್ಟಿಯಿದೆ, ಆ್ಯಪಿನ ಹೆಸರಲ್ಲ, ಕಂಪನಿಯ ಹೆಸರನ್ನು ಅದರಲ್ಲಿ ಹುಡುಕಬೇಕು.

ಈ ವೇದಿಕೆಗಳಿಂದ ಹಣ ಗಡಿ ದಾಟುವಂತಿಲ್ಲ. ಅಂದರೆ ಇಲ್ಲಿಂದ ಕೆನ್ಯಾಕ್ಕೆ ಸಾಲ ಕೊಡಲಾಗದು, ದುಬೈ ಖಾತೆಯಿಂದ ಇಲ್ಲಿಗೆ ನೇರ ಹಾಕಲೂ ಆಗದು. ಅನಿವಾಸಿಗಳಿಗೆ ಕೆಲವು ವೇದಿಕೆಗಳು ಭಾರತದಲ್ಲಿನ ಎನ್‌ಆರ್‌ಒ ಖಾತೆಯಿಂದ (ಅನಿವಾಸಿಗಳ ರೂಪಾಯಿ ಖಾತೆ) ಅವಕಾಶ ಕೊಡುತ್ತವೆ, ಕೇಳಿ ನೋಡಬೇಕು.

ದೇಣಿಗೆ

ಸಾಲಕ್ಕಿಂತ ದೇಣಿಗೆ ಉತ್ತಮವಾಗುವ ಸಂದರ್ಭಗಳಿವೆ: ಭೂಕಂಪ, ಯುದ್ಧ, ನೆರೆಯ ನಂತರ, ಅಥವಾ ದುಡಿಮೆಯೇ ನಿಂತ ಮನೆಗೆ. ಆಗ ಸಾಲ ಹೊರೆಯಾಗುತ್ತದೆ. ಊರಲ್ಲಿರುವವರಿಗೆ ಎಲ್‌ಆರ್‌ಎಸ್‌ನಲ್ಲಿ ಸ್ಪಷ್ಟವಾಗಿ ಒಪ್ಪಿಗೆ ಇರುವುದೂ ಇದಕ್ಕೇ. ಆದರೆ ವಿದೇಶಿ ಸಂಸ್ಥೆಗೆ ಕೊಟ್ಟ ದೇಣಿಗೆಗೆ 80ಜಿ ತೆರಿಗೆ ವಿನಾಯಿತಿ ಸಿಗದು, ಸಾಲಕ್ಕಂತೂ ಆ ಪ್ರಶ್ನೆಯೇ ಇಲ್ಲ.

ನಮ್ಮ ಸಲಹೆ

ಕೊಲ್ಲಿ ದೇಶ, ಬ್ರಿಟನ್, ಅಮೆರಿಕದಲ್ಲಿ ಕೆಲಸಕ್ಕಿರುವ ನಮ್ಮವರು ಕಿವಾ ಅಥವಾ ಲೆಂಡ್‌ವಿತ್‌ಕೇರ್‌ನಿಂದ ಶುರು ಮಾಡಲಿ. ಮೊದಲ ಸಲಕ್ಕೆ 100 ಡಾಲರ್ ಸಾಕು, ನಾಲ್ಕು ಸಂಸ್ಥೆಗೆ 25ರಂತೆ. ಕಂತುಗಳು ಹೇಗೆ ಬರುತ್ತವೆ ಎಂದು ಆರು ತಿಂಗಳು ನೋಡಿ, ಸ್ವಲ್ಪ ಹಣವನ್ನು ಒಮ್ಮೆ ಹಿಂತೆಗೆದು ಖಾತೆಗೆ ಬರುತ್ತದೆಂದು ಖಾತ್ರಿ ಮಾಡಿಕೊಂಡ ಮೇಲೆ ಹೆಚ್ಚಿಸಬಹುದು. ಕಾರವಾರ, ಕುಮಟಾ, ಶಿರಸಿಯಲ್ಲೇ ಇರುವವರಿಗೆ ನಾವು ಪರದೇಶದ ಸಾಲವನ್ನು ಶಿಫಾರಸು ಮಾಡುವುದಿಲ್ಲ. ಬ್ಯಾಂಕಿನ ಬರಹದ ಒಪ್ಪಿಗೆ ಸಿಕ್ಕರೆ ಮಾತು ಬೇರೆ. ಇಲ್ಲದಿದ್ದರೆ ಪರದೇಶಕ್ಕೆ ದೇಣಿಗೆ, ಸಾಲ ಕೊಡುವ ಮನಸ್ಸಿದ್ದರೆ ದೇಶದೊಳಗಿನ ಪಿ2ಪಿ. ಅಂಕೋಲೆಯಲ್ಲಿ ತರಕಾರಿ ಮಾರುವ ಹಾಲಕ್ಕಿ ಹೆಂಗಸಿಗೆ, ಯಲ್ಲಾಪುರ ಕಡೆಯ ಸಿದ್ದಿ ಮನೆಗಳಿಗೆ ಬಂಡವಾಳ ಬೇಕಿರುವುದೂ ಇದೇ ಜಿಲ್ಲೆಯಲ್ಲಿ. ಆದರೆ ಪರಿಚಯದವರಿಗೆ ನೀವೇ ಬಡ್ಡಿಗೆ ಹಣ ಬಿಡುವ ಕೆಲಸಕ್ಕೆ ಇಳಿಯಬೇಡಿ, ಅದಕ್ಕೆ ರಾಜ್ಯದ ಲೇವಾದೇವಿ ಕಾನೂನಿನ ಪರವಾನಗಿ ಬೇಕು.

ತೆರಿಗೆ ಮತ್ತು ಲೆಕ್ಕ

ಪಿ2ಪಿಯಿಂದ ಬಂದ ಬಡ್ಡಿ ‘ಇತರ ಮೂಲಗಳ ಆದಾಯ’, ಅದಕ್ಕೆ ನಿಮ್ಮ ಹಂತದ ದರದಲ್ಲಿ ತೆರಿಗೆ. ಬಡ್ಡಿಯಿಲ್ಲದ ವಿದೇಶಿ ಸಾಲದಲ್ಲಿ ಆದಾಯವಿಲ್ಲ, ಆದರೆ ಘೋಷಣೆ ಇದೆ. ಆದಾಯ ತೆರಿಗೆಯ ಲೆಕ್ಕದಲ್ಲಿ ಸಾಮಾನ್ಯ ನಿವಾಸಿಯಾದವರು ವಿದೇಶದಲ್ಲಿ ಯಾವುದೇ ಆಸ್ತಿ ಇದ್ದರೆ ತೆರಿಗೆ ರಿಟರ್ನಿನ ಐಟಿಆರ್-1 ನಮೂನೆ ತುಂಬುವಂತಿಲ್ಲ. ಐಟಿಆರ್-2 ಅಥವಾ 3ರಲ್ಲಿ ವಿದೇಶಿ ಆಸ್ತಿಯ ಎಫ್ಎ ಅನುಸೂಚಿ ತುಂಬಬೇಕು, ಅದೂ ಹಣಕಾಸು ವರ್ಷಕ್ಕಲ್ಲ, ಜನವರಿಯಿಂದ ಡಿಸೆಂಬರ್‌ವರೆಗಿನ ಲೆಕ್ಕಕ್ಕೆ. ಘೋಷಿಸದಿದ್ದರೆ 2015ರ ಕಪ್ಪುಹಣ ಕಾನೂನಿನಡಿ 10 ಲಕ್ಷದ ದಂಡವಿದೆ. 2024ರ ಅಕ್ಟೋಬರ್ 1ರಿಂದ, ಸ್ಥಿರಾಸ್ತಿ ಬಿಟ್ಟು ಉಳಿದ ಆಸ್ತಿ ಒಟ್ಟು 20 ಲಕ್ಷದೊಳಗಿದ್ದರೆ ಆ ದಂಡದಿಂದ ವಿನಾಯಿತಿ ಸಿಕ್ಕಿದೆ, ಘೋಷಿಸುವ ಕರ್ತವ್ಯದಿಂದಲ್ಲ. ಊರಿಗೆ ಮರಳಿ ನೆಲೆಸುವ ಗಲ್ಫ್‌ನವರು ಇದನ್ನು ನೆನಪಿಟ್ಟುಕೊಳ್ಳಬೇಕು. ಅನಿವಾಸಿಯಾಗಿದ್ದಾಗ ಹಾಕಿದ ಸಾಲದ ಬಾಕಿ, ಸಾಮಾನ್ಯ ನಿವಾಸಿಯಾದ ವರ್ಷದಿಂದ ಅನುಸೂಚಿಯಲ್ಲಿ ಕಾಣಬೇಕು. ಮರಳುವ ಒಂದು ವರ್ಷ ಮೊದಲೇ ಮರುಸಾಲ ನಿಲ್ಲಿಸಿ, ಬಂದ ಕಂತುಗಳನ್ನು ಅಲ್ಲಿನ ಖಾತೆಗೇ ತೆಗೆದುಕೊಂಡರೆ ಸಾಲದ ಬಾಕಿ ತೋರಿಸುವ ತಾಪತ್ರಯ ಬಹುಮಟ್ಟಿಗೆ ತಪ್ಪುತ್ತದೆ.

ಪ್ರತಿ ಸಾಲಕ್ಕೂ ದಿನಾಂಕ, ಪಾಲುದಾರ ಸಂಸ್ಥೆ, ದೇಶ, ಮೊತ್ತ, ಅಂದಿನ ವಿನಿಮಯ ದರ, ಅವಧಿ ಬರೆದ ಒಂದು ಪಟ್ಟಿ ಇಡಿ. ಡಿಸೆಂಬರ್ 31ರ ಬಾಕಿಯನ್ನು ಖಾತೆಯ ಪುಟದಿಂದ ಪಿಡಿಎಫ್ ಮಾಡಿಟ್ಟುಕೊಳ್ಳಿ. ಖಾತೆ ಇರುವ ಸಂಗತಿಯನ್ನೂ ಇಮೇಲ್ ವಿಳಾಸವನ್ನೂ ಮನೆಯಲ್ಲಿ ಒಬ್ಬರಿಗಾದರೂ ತಿಳಿಸಿ, ಪಟ್ಟಿಯ ಪ್ರತಿಯೊಂದನ್ನು ಪಾಸ್‌ಬುಕ್‌ಗಳ ಜೊತೆ ಇಡಿ.